ಯಾರೋ ಎಳೆದ ಪಟ್ಟೆಗಳು

ಬೆಳಗಾಗುವುದರೊಳಗೆ ರಸ್ತೆಯ ತಿರುವಿನಲ್ಲಿ ಬಿಳಿ ಪಟ್ಟೆಗಳು ಮತ್ತೆ ಮೂಡಿದ್ದವು. ಟ್ರಾಫಿಕ್ ಪೊಲೀಸಮ್ಮ ಬೈಕು ನಿಲ್ಲಿಸಿ, ಬಗ್ಗಿ, ಒಂದನ್ನು ಮುಟ್ಟಿ ನೋಡಿದಳು. ಬೆರಳಿಗೆ ಬೆಳ್ಳಗೆ ಮೆತ್ತಿಕೊಂಡಿತು. ಹಸಿ ಸುಣ್ಣ. ರಸ್ತೆ ಇಲಾಖೆಯವರು ಸುಣ್ಣ ಬಳಿಯುವವರಲ್ಲ. ಬಳಿದರೂ ಇಷ್ಟು ಸೊಟ್ಟಗೆ ಬಳಿಯಲಾರರು.

ಮೊದಲ ಸಲ ಯಾರದೋ ತರಲೆ ಎಂದು ನಕ್ಕು ಸುಮ್ಮನಾಗಿದ್ದಳು. ಗಾಡಿಗಳ ಚಕ್ರಕ್ಕೆ ಸಿಕ್ಕಿ ಅವು ತಾವಾಗಿಯೇ ಅಳಿಸಿಹೋಗಿದ್ದವು. ಎರಡನೆಯ ಸಲ ಇನ್‌ಸ್ಪೆಕ್ಟರ್ ಕಣ್ಣಿಗೇ ಬಿದ್ದವು. "ರಸ್ತೆ ಅಂದ್ರೆ ಇವರ ಮನೆ ಅಂಗಳನಾ, ಬೇಕಾದ ಕಡೆ ಗೆರೆ ಎಳೆಯೋಕೆ? ತೊಳೆಸಿ ಹಾಕಮ್ಮ. ಯಾರು ಅಂತ ಪತ್ತೆ ಹಚ್ಚು" ಎಂದಿದ್ದರು. ತೊಳೆಸಿದ್ದೂ ಆಗಿತ್ತು. ಈಗ ನೋಡಿದರೆ ಮತ್ತೆ. ಪೊಲೀಸಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ರಸ್ತೆಯ ಈಚೆಗೆ ತಗಡಿನ ಮನೆಗಳು, ಆಚೆಗೆ ಗೋದಾಮುಗಳ ಉದ್ದನೆಯ ಗೋಡೆ. ಇಂಥ ಕಡೆ ಯಾರಿಗೆ ಬೇಕಾಯಿತು ಈ ಪಟ್ಟೆ?

ಅಂದು ಸಂಜೆಯೊಳಗೆ ಸುಣ್ಣವೆಲ್ಲ ಮಾಸಿತು. ಮರುದಿನ ಬೆಳಕು ಹರಿಯುವ ಮುಂಚೆಯೇ ಬಂದು ಅವಳು ಮುಚ್ಚಿದ ಪಂಕ್ಚರ್ ಅಂಗಡಿಯ ಮರೆಯಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಒಂದು ಹುಡುಗಿ ಬಂದಳು. ಕೈಯಲ್ಲಿ ತಗಡಿನ ಡಬ್ಬ, ಕೂದಲು ಉದುರಿದ ಬ್ರಶ್ಶು. ಎರಡೂ ಕಡೆ ನೋಡಿ, ರಸ್ತೆಗೆ ಇಳಿದು, ಕುಕ್ಕರಗಾಲಲ್ಲಿ ಕುಳಿತು ಬಳಿಯತೊಡಗಿದಳು. ದೂರದಲ್ಲಿ ಲಾರಿಯ ದೀಪ ಕಂಡರೆ ಡಬ್ಬ ಎತ್ತಿಕೊಂಡು ಓಡುವುದು, ಅದು ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು.  ಪೊಲೀಸಮ್ಮ ಒಂದೇ ಉಸಿರಿಗೆ ಹೋಗಿ ಅವಳ ರಟ್ಟೆ ಹಿಡಿದು ಬದಿಗೆ ಎಳೆದುಕೊಂಡಳು.

"ಏನೇ ಇದು?"

"ಪಟ್ಟೆ."

"ಅದು ಕಾಣ್ಸುತ್ತೆ. ಯಾಕೆ ಅಂತ?"

"ದಾಟೋಕೆ." ಹುಡುಗಿ ಕೊಸರಾಡಲಿಲ್ಲ, ಅಳಲೂ ಇಲ್ಲ. "ದೊಡ್ಡ ಅಂಗಡಿ ಬೀದೀಲಿ ಪಟ್ಟೆ ಇದೆ, ಅಲ್ಲಿ ಗಾಡಿ ನಿಲ್ಲುತ್ತೆ. ಇಲ್ಲಿ ನಿಲ್ಲಲ್ಲ. ಅಲ್ಲಿ ಹೋಗೋ ಡ್ರೈವರ್‌ಗಳೇ ತಾನೆ ಪೊಲೀಸಕ್ಕ, ಇಲ್ಲೂ ಬರೋದು?"

ಒಂದೊಂದೇ ಮಾತು ಹೊರಬಿತ್ತು. ಕೇರಿಯಲ್ಲಿ ಅವಳನ್ನು ಕರೆಯುವುದು ಚೂಟಿ ಎಂದು. ಅಮ್ಮನಿಗೆ ಗೋಡೆಗಳಿಗೆ ಸುಣ್ಣ ಹೊಡೆಯುವ ಕೆಲಸ. ಡಬ್ಬದ ತಳದಲ್ಲಿ ಉಳಿದದ್ದು ಮನೆಗೆ ಬರುತ್ತದೆ. ಗೋದಾಮುಗಳ ಹಿಂದೆ ಶಿಶುವಿಹಾರ. ಪಕ್ಕದ ಮನೆಯ ಮಗುವಿನ ಕಾಲ ಮೇಲೆ ಇದೇ ತಿರುವಿನಲ್ಲಿ ಬೈಕು ಹರಿದ ಮೇಲೆ ಯಾರೂ ಚಿಕ್ಕವರನ್ನು ಆಚೆ ಕಳಿಸುತ್ತಿರಲಿಲ್ಲ.

"ನನ್ನ ತಮ್ಮ ಡುಮ್ಮನ್ನ ಒಳಗೆ ಬಿಟ್ಟು ಅಮ್ಮ ಚಿಲಕ ಹಾಕ್ಕೊಂಡು ಹೋಗ್ತಿದ್ಲು. ನಾನು ಸ್ಕೂಲಿಂದ ಬರೋವರೆಗೂ ಅತ್ತು ಅತ್ತು ಗಂಟಲು ಕಟ್ಟಿರೋದು. ಪಟ್ಟೆ ಇರೋ ದಿನ ಶಿಶುವಿಹಾರಕ್ಕೆ ಹೋಗ್ತಾನೆ."

ಪೊಲೀಸಮ್ಮ ಡಬ್ಬ ಕಿತ್ತುಕೊಂಡಳು. "ಇನ್ಮೇಲೆ ರಸ್ತೆಗೆ ಇಳಿದೆ ಅಂದ್ರೆ ನೋಡು. ಲಾರಿಯವನ ಕಣ್ಣಿಗೆ ನೀನು ಕಾಣ್ತೀಯೇನೇ, ಈ ಮಬ್ಬಲ್ಲಿ?"

"ಹಂಗಾದ್ರೆ ನಾಳೆ ಡುಮ್ಮ?"

 ಬಹುಪಾಲು ಬಳಿದಾಗಿದ್ದ ಪಟ್ಟೆಗಳನ್ನು ತೊಳೆಸುವ ಮನಸ್ಸು ಪೊಲೀಸಮ್ಮನಿಗೆ ಬರಲಿಲ್ಲ. ಅಲ್ಲೇ ನಿಂತಳು. ಬಿಸಿಲೇರುತ್ತಿದ್ದಂತೆ ತಗಡಿನ ಬಾಗಿಲುಗಳು ಒಂದೊಂದೇ ತೆರೆದವು. ತಮ್ಮನ ಕೈ ಹಿಡಿದು ಚೂಟಿ ಮುಂದೆ, ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದ ಪುಟಾಣಿಗಳು. ಸಾಲು ರಸ್ತೆಗೆ ಇಳಿಯಿತು. ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಜೀಪು ತಿರುವಿನಲ್ಲಿ ರೊಯ್ಯನೆ ಬಂದು, ಪಟ್ಟೆಯ ಅಂಚಿಗೆ ಗಕ್ಕನೆ ನಿಂತಿತು.

"ಯಾಕಯ್ಯ ನಿಲ್ಸಿದೆ?" ಒಳಗಿನಿಂದ ಇನ್‌ಸ್ಪೆಕ್ಟರ್ ದನಿ.

"ಪಟ್ಟೆ ಇದೆಯಲ್ಲ ಸಾರ್" ಎಂದ ಡ್ರೈವರ್.

ಇನ್‌ಸ್ಪೆಕ್ಟರ್ ಕಿಟಕಿಯಿಂದ ತಲೆ ಹೊರಹಾಕಿದರು. ಸಾಲು ದಾಟಿ ಮುಗಿಯುವವರೆಗೂ ನೋಡಿ ಕೆಳಗಿಳಿದು ಬಂದರು. "ಯಾರು ಅಂತ ಗೊತ್ತಾಯ್ತೇನಮ್ಮಾ?"

ಪೊಲೀಸಮ್ಮ ಗೋದಾಮಿನ ಗೋಡೆಯ ಪಕ್ಕ ಹೋಗುತ್ತಿದ್ದ ಸಾಲಿನತ್ತ ಕೈ ತೋರಿಸಿದಳು. "ಇವರೇ ಸಾರ್."

"ಇಷ್ಟು ಜನಾನ ಠಾಣೆಗೆ ಕರ್ಕೊಂಡು ಹೋಗೋಕೆ ಜೀಪಲ್ಲಿ ಜಾಗ ಎಲ್ಲಿದೆ?" ಎಂದು ಗೊಣಗುತ್ತಲೇ ಅವರು ಫೋನು ಹೊರತೆಗೆದರು. ರಸ್ತೆ ಇಲಾಖೆಯ ಯಾರೊಂದಿಗೋ ಮಾತಾಡುತ್ತಾ, ಆಡುತ್ತಾ ದನಿ ಏರಿಸಿದರು.

ಇಲಾಖೆ ತನ್ನ ಗತಿಯಲ್ಲೇ ಬಂತು. ಅದು ಬರುವವರೆಗೂ ಪ್ರತಿ ಬೆಳಿಗ್ಗೆ ಪೊಲೀಸಮ್ಮ ತಿರುವಿನಲ್ಲಿ ಕೈ ಚಾಚಿ ನಿಂತಳು, ಡಬ್ಬ ವಾಪಸು ಪಡೆದ ಚೂಟಿ ಅವಳ ಕಾವಲಲ್ಲೇ ಸುಣ್ಣ ಬಳಿದಳು. ಕೊನೆಗೊಂದು ದಿನ ಇಲಾಖೆಯವರು ಯಂತ್ರ ತಂದು, ದಾರ ಹಿಡಿದು, ನೀರಿಗೂ ಚಕ್ರಕ್ಕೂ ಜಗ್ಗದ ಬಣ್ಣದಲ್ಲಿ ಪಟ್ಟೆಗಳನ್ನು ಹಾಕಿದರು. ನೇರ, ಅಗಲ, ಕಣ್ಣು ಕುಕ್ಕುವಷ್ಟು ಬಿಳುಪು.

ಮರುದಿನ ಗಾಡಿಗಳು ತಾವಾಗಿಯೇ ನಿಂತವು. ಪುಟಾಣಿಗಳು ದಾಟಿದವು. ಡುಮ್ಮ ಮಾತ್ರ ಮೊದಲ ಪಟ್ಟೆಯ ಮೇಲೆ ನಿಂತು ಮುಂದಿನದನ್ನೇ ನೋಡುತ್ತಿದ್ದ. ಅಕ್ಕ ಎಳೆದರೂ ಕದಲಲಿಲ್ಲ. ನಿಂತ ಗಾಡಿಗಳ ಹಿಂದಿನಿಂದ ಒಂದು ಹಾರ್ನ್ ಕೇಳಿಸಿತು.

"ಏನಾಯ್ತೇ ಇವನಿಗೆ?" ಪೊಲೀಸಮ್ಮ ಓಡಿ ಬಂದಳು.

"ಕಾಲು ಎಟುಕಲ್ಲ ಪೊಲೀಸಕ್ಕ. ಕಪ್ಪು ತುಳೀಬೇಡ, ಬಿಳೀದು ಮಾತ್ರ ತುಳಿ ಅಂತ ನಾನೇ ಹೇಳಿಕೊಟ್ಟಿದ್ದೆ, ಅತ್ತ ಇತ್ತ ಓಡಬಾರ್ದು ಅಂತ. ನಾನು ಇವನ ಹೆಜ್ಜೆ ಅಳತೆಗೆ ಹಾಕ್ತಿದ್ದೆ."

ಪೊಲೀಸಮ್ಮ ಬಗ್ಗಿ, ಡುಮ್ಮನ ಎತ್ತರಕ್ಕೆ ಮುಖ ತಂದು ಎದುರಿನ ದಡ ನೋಡಿದಳು. ಬಹಳ ದೂರವಿತ್ತು. ಎದ್ದು, ಅವನ ಇನ್ನೊಂದು ಕೈ ಹಿಡಿದುಕೊಂಡಳು.

"ಹಾರೋಣವಾ?"

ಡುಮ್ಮನ ಜೊತೆ ಹಾರುತ್ತಾ ಬೂಟುಗಾಲು ಮಧ್ಯದ ಪಟ್ಟೆಗಳನ್ನು ದಾಟುವ ಹೊತ್ತಿಗೆ ಗಾಡಿಗಳ ಸಾಲಿನ ಮುಂದಿದ್ದ ಲಾರಿಯವನು ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಗಲ್ಲ ಊರಿ ನೋಡುತ್ತ ಕುಳಿತಿದ್ದ.