ನಾಲ್ಕು ಹಗ್ಗ, ನಾಲ್ಕು ಕೊಂಡಿ

ಆರನೇ ಸಲ ನೀರು ಕುಡಿದು ದಡ ಸೇರಿದ ಕ್ಯಾಪ್ಟನ್ ಮೈ ಒರೆಸಿಕೊಳ್ಳಲಿಲ್ಲ. ಭೂತಗನ್ನಡಿ ತರಿಸಿದ. ಒದ್ದೆ ಹಗ್ಗವನ್ನು ಕಲ್ಲಿನ ಮೇಲೆ ಹಾಸಿ, ಹಿಡಿಕೆಯಿಂದ ತುದಿಯವರೆಗೆ ಗೇಣು ಗೇಣಾಗಿ ನೋಡಿದ. ಒಂದು ಎಳೆಯೂ ಬಿಟ್ಟಿರಲಿಲ್ಲ. ಇದರಿಂದ ಅವನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

"ಯಾರೋ ಕೈಯಾಡಿಸಿದ್ದಾರೆ," ಎಂದ.

ಅವನ ವಾಟರ್ ಸ್ಕೀ ತಂಡವೆಂದರೆ ಒಂದು ಬೋಟು, ಅದರ ಡ್ರೈವರ್, ನೀರಿಗಿಳಿಯುವ ಮೂವರು ಗಂಡಸರು, ಮತ್ತು ಅವನ ಬಾಯಿ. ಜಲಾಶಯದ ಮೇಲೆ ಬೋಟು ಮೂವರನ್ನೂ ಸಾಲಾಗಿ ಎಳೆಯುತ್ತದೆ: ಎಡಕ್ಕೆ ಭಾವಮೈದ, ಬಲಕ್ಕೆ ಪಕ್ಕದ ಬೀದಿಯ ಕ್ಷೌರಿಕ, ನಡುವೆ ಕ್ಯಾಪ್ಟನ್. ಅವನ ಮಗ್ಗುಲಿನ ನಾಲ್ಕನೇ ಹಗ್ಗ ಅವನ ಏಳು ವರ್ಷದ ಮಗಳು ಗುಬ್ಬಿಯದು. ನಡುನೀರಿನಲ್ಲಿ ಕ್ಯಾಪ್ಟನ್ ಎಡಗೈ ಎತ್ತಿದ ಕೂಡಲೇ ಅವಳು ಕಾಲಿನ ಸ್ಕೀ ಹಲಗೆ ಕಳಚಿ, ಅವನ ಹೆಗಲೇರಿ ನಿಲ್ಲಬೇಕು. ಜನ ಚಪ್ಪಾಳೆ ತಟ್ಟಬೇಕು. ಆರು ಸಲ ಅವನು ಕೈ ಎತ್ತಿದ್ದ. ಆರು ಸಲವೂ ಕೈ ಎತ್ತಿದ್ದೇ ತಡ, ಮೂಟೆಯಂತೆ ಹಿಂದಕ್ಕೆ ಕುಸಿದು ಮುಳುಗಿದ್ದ. ಉಳಿದವರು ನೆಟ್ಟಗೆ ನಿಂತೇ ಇದ್ದರು.

ಮರಳಿನ ಮೇಲೆ ಅಭ್ಯಾಸ ಮಾಡುವಾಗ ಗುಬ್ಬಿ ಅವನ ಹೆಗಲಿನಿಂದ ಜಾರಿ, ಗಲ್ಲಕ್ಕೆ ಮೂರು ಹೊಲಿಗೆ ಬಿದ್ದಿದ್ದವು. "ಮಗೂಗೆ ಭಯ ಆಗುತ್ತೆ ರೀ, ಬಿಟ್ಬಿಡಿ," ಎಂದಿದ್ದಳು ಹೆಂಡತಿ. "ಭಯ ಇರೋರು ಬೋಟಲ್ಲಿ ಕೂತ್ಕೊಳ್ಳಿ," ಎಂದು ಅವನು ಅವಳನ್ನೇ ಬೋಟಿನಲ್ಲಿ ಹಿಮ್ಮುಖವಾಗಿ ಕೂರಿಸಿದ. ಮಿದುಳು ಬೇಡದ ಕೆಲಸವೊಂದನ್ನು ಹುಡುಕಿ ಕೊಟ್ಟ. ಯಾರಾದರೂ ಬಿದ್ದರೆ, ಅವರ ಹಗ್ಗವನ್ನು ಬೋಟಿಗೆ ಸಿಕ್ಕಿಸಿದ ಕೊಂಡಿಯ ದಾರ ಎಳೆಯುವುದು. ಎಳೆದರೆ ಹಗ್ಗ ಬೋಟಿನಿಂದ ಕಳಚಿಕೊಳ್ಳುತ್ತದೆ. ಬಿದ್ದವರು ಅದಕ್ಕೆ ಸಿಕ್ಕಿಕೊಂಡು ದರದರ ಎಳೆಸಿಕೊಂಡು ಹೋಗುವುದಿಲ್ಲ. ಆರು ಸಲವೂ ಅವಳು ತಪ್ಪದೆ ಎಳೆದಿದ್ದಳು.

"ಕೈಯಲ್ಲಿದ್ದ ಹಾಗೇ ಹಗ್ಗ ಸಡಿಲ ಆಗಿಬಿಡುತ್ತೆ," ಎಂದ ಕ್ಯಾಪ್ಟನ್. "ಜೀವ ಹೋದ ಹಾಗೆ."

"ಹಿಗ್ಗುತ್ತೇನೋ ರೀ. ನೈಲಾನ್ ಅಲ್ವಾ," ಎಂದಳು ಹೆಂಡತಿ.

"ನಮ್ಮ ಹಗ್ಗ ಹಿಗ್ಗಲ್ವಲ್ಲ ಭಾವ," ಎಂದ ಭಾವಮೈದ. "ನಿಮ್ಮದಕ್ಕೆ ಮಾತ್ರ ಏನು ಖುಷಿಯೋ."

ಕ್ಷೌರಿಕ ನಕ್ಕ. ಕ್ಯಾಪ್ಟನ್ ನಗಲಿಲ್ಲ. ತಂಡದ ನಾಯಕತ್ವದ ಮೇಲೆ ಭಾವಮೈದನಿಗೆ ಕಣ್ಣಿದೆ ಎಂಬುದು ಅವನ ಹಳೆಯ ಸಂಶೋಧನೆ. ಈಗ ಪುರಾವೆಯೂ ಸಿಕ್ಕಿತ್ತು. ಹೋದ ವಾರ ಗುಬ್ಬಿಗೆ ಜ್ವರ ಬಂದು, ಮೂವರೇ ನೀರಿಗಿಳಿದ ದಿನ, ಕ್ಯಾಪ್ಟನ್ ಎರಡು ಸುತ್ತು ಬೀಳದೆ ಬಂದಿದ್ದ. ಆ ದಿನ ಹಗ್ಗ ಸುತ್ತಿಟ್ಟವನು ಕ್ಷೌರಿಕ, ದಿನಾ ಸುತ್ತಿಡುವ ಭಾವಮೈದನಲ್ಲ. ಇಷ್ಟು ಸಾಕಾಯಿತು.

ಮರುದಿನ ಗಂಡ ಹೆಂಡತಿ ಹಗ್ಗದಂಗಡಿಗೆ ಹೋದರು. ಅಂಗಡಿಯವನು ಹಾಸಿದ ಹಗ್ಗಗಳನ್ನೆಲ್ಲ ಕ್ಯಾಪ್ಟನ್ ಕಾಲಿನಿಂದ ಮೆಟ್ಟಿ, ಕೈಯಿಂದ ಜಗ್ಗಿ, ತಿರಸ್ಕರಿಸಿದ. ಕೊನೆಗೆ ಒಂದಿಷ್ಟೂ ಹಿಗ್ಗದ ಬಿಳಿ ಹಗ್ಗ ಆರಿಸಿದ. ನಾಲ್ಕೂ ಒಂದೇ ಉದ್ದ; ತುದಿಯಲ್ಲಿ ಗಂಟು ಕೂಡದು, ಗಂಟು ಹಾಕಿದಲ್ಲಿ ಬಲ ಅರ್ಧ; ಹೆಣೆದ ಕುಣಿಕೆ, ಅದರೊಳಗೆ ಉಕ್ಕಿನ ಬಳೆ. ಅಂಗಡಿಯವನಿಗೆ ಗೊತ್ತಿದ್ದುದನ್ನೇ ಅವನಿಗೆ ಅರ್ಧ ಗಂಟೆ ಕಲಿಸಿದ.

"ಹಗ್ಗ ತಾನಾಗಿ ಯಾರನ್ನೂ ಬೀಳಿಸಲ್ಲ ಸಾರ್," ಎಂದ ಅಂಗಡಿಯವನು, ಆಕಳಿಸುತ್ತ.

"ಅದನ್ನೇ ನಾನೂ ಹೇಳ್ತಿರೋದು," ಎಂದ ಕ್ಯಾಪ್ಟನ್.

ಕೊಂಡಿ ಆರಿಸಿದವಳು ಹೆಂಡತಿ. ನಾಲ್ಕಕ್ಕೂ ಸೇರಿ ಒಂದೇ ಕೊಂಡಿ ಸಾಕು ಎಂದ ಅಂಗಡಿಯವನ ಮಾತಿಗೆ ಅವಳು ಒಪ್ಪಲಿಲ್ಲ. "ಒಬ್ಬರು ಬಿದ್ರೆ ಎಲ್ಲರನ್ನೂ ಯಾಕೆ ಬಿಡಬೇಕು? ಬೇರೆಬೇರೆ ಇರಲಿ." ಒಂದನ್ನು ಕೈಯಲ್ಲಿ ಹಿಡಿದು ಕೇಳಿದಳು: "ಪೂರಾ ಭಾರ ಬಿದ್ದಿರುವಾಗಲೂ ಬಿಚ್ಚಿಕೊಳ್ಳುತ್ತಾ?"

"ಆನೆ ಜೋತುಬಿದ್ದಿದ್ರೂ ಒಂದು ಬೆರಳು ಸಾಕಮ್ಮ."

"ನೋಡು, ಈಗ ನಿನಗೂ ಸ್ವಲ್ಪ ತಿಳೀತಿದೆ," ಎಂದ ಕ್ಯಾಪ್ಟನ್.

ಊಟದ ಹೊತ್ತಿಗೆ ಗುಬ್ಬಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಇಪ್ಪತ್ತಮೂರು ಕಿಲೋ. "ಇಪ್ಪತ್ತೈದು ದಾಟಿದ್ರೆ ಇವಳು ನನ್ನ ಹೆಗಲಿಗೆ ಲಾಯಕ್ಕಿಲ್ಲ. ಆಗ ಈ ಆಟಾನೇ ಕೈಬಿಡಬೇಕು." ಗುಬ್ಬಿ ಗಲ್ಲದ ಗಾಯ ಮುಟ್ಟಿಕೊಂಡಳು. ಹೆಂಡತಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಪ್ರದರ್ಶನದ ದಿನ ದಡದ ತುಂಬ ಜನ. ಕ್ಯಾಪ್ಟನ್ ತಾನೇ ನಾಲ್ಕೂ ಹಗ್ಗ ಸಿಕ್ಕಿಸಿದ. ಕೊನೆಯ ಗಳಿಗೆಯಲ್ಲಿ ತನ್ನ ಹಗ್ಗವನ್ನು ಭಾವಮೈದನ ಹಗ್ಗದೊಂದಿಗೆ ಗುಟ್ಟಾಗಿ ಬದಲಿಸಿದ. ನಡುವಿನ ಕೊಂಡಿಗೆ ಭಾವಮೈದನ ಹಗ್ಗ, ಎಡಗಡೆಯದಕ್ಕೆ ತನ್ನದು. ಇವತ್ತು ಬೀಳುವವನು ಯಾರೆಂದು ಇಡೀ ಊರೇ ನೋಡಲಿ. ಹೆಂಡತಿ ನಾಲ್ಕು ದಾರಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕುಳಿತಿದ್ದಳು.

ಬೋಟು ಹೊರಟಿತು. ಮೊದಲ ಸುತ್ತು ಗೆರೆ ಎಳೆದ ಹಾಗೆ ಸಾಗಿತು. ಎರಡನೆಯದರಲ್ಲಿ ಕ್ಯಾಪ್ಟನ್ ಭಾವಮೈದನ ಕಡೆ ಒಂದು ನಗೆ ಬೀರಿ, ಎಡಗೈ ಎತ್ತಿದ.

ಮೂಟೆ ಬಿತ್ತು.

ಭಾವಮೈದ ಅಲುಗಲಿಲ್ಲ. ದಡದಲ್ಲಿ ಚಪ್ಪಾಳೆಯೇನೋ ಕೇಳಿಸಿತು, ಅದರ ಜೊತೆಗೆ ಸಿಳ್ಳೆಯೂ. ಬೋಟು ನಿಂತಾಗ ಕ್ಯಾಪ್ಟನ್ ಮೂಗಿನಿಂದ ನೀರು ಸುರಿಸುತ್ತ ಈಜಿ ಬಂದು ಅಂಚು ಹಿಡಿದ.

"ಬಿದ್ರಿ. ಎಳೆದೆ," ಎಂದಳು ಹೆಂಡತಿ, ಎಂದಿನಂತೆ.

"ಎರಡು ಹಗ್ಗಕ್ಕೂ ಕೈಯಾಡಿಸಿದ್ದಾನೆ ನಿನ್ನ ತಮ್ಮ. ಬುದ್ಧಿವಂತ," ಎಂದು ಕ್ಯಾಪ್ಟನ್ ಗಂಟಲು ಕ್ಯಾಕರಿಸಿದ. "ಮುಂದಿನ ತಿಂಗಳು ಉಕ್ಕಿನ ತಂತಿ ಹಾಕಿಸ್ತೀನಿ." ತೇಲುತ್ತಿದ್ದ ಹಗ್ಗವನ್ನು ಸಾಕ್ಷಿಯಂತೆ ಹಿಡಿದುಕೊಂಡು ದಡದ ಕಡೆ ಈಜಿದ.

ಅವನು ದೂರವಾಗುವವರೆಗೆ ಬೋಟಿನ ಡ್ರೈವರ್ ಕಾದ. ಮೂರು ತಿಂಗಳಿಂದ ಅವನು ಹಿಂಬದಿಯ ಕನ್ನಡಿ ನೋಡುತ್ತಲೇ ಬೋಟು ಓಡಿಸುತ್ತಿದ್ದ. ಬಾಯಿ ಬಿಟ್ಟಿದ್ದು ಇದೇ ಮೊದಲು.

"ಇವತ್ತು ಎಳೆಯೋದು ಸ್ವಲ್ಪ ತಡ ಆಯ್ತು ಅಕ್ಕ. ಗುಬ್ಬಿ ಆಗಲೇ ಒಂದು ಕಾಲು ಎತ್ತಿಬಿಟ್ಟಿದ್ದಳು."

"ಬಿಸಿಲು ಕಣ್ಣಿಗೆ ಹೊಡೀತು," ಎಂದಳು ಅವಳು, ನಡುವಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಮುಂದಿನ ಸಲ ಇವರು ಕೈ ಎತ್ತೋಕ್ಕೆ ಮುಂಚೇನೇ ಎಳೆದುಬಿಡ್ತೀನಿ. ಇನ್ನು ಎರಡೇ ಕಿಲೋ ತಾನೆ."