ಇಲ್ಲದ ಗೋಡೆಗೆ ಇಟ್ಟಿಗೆ

ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ತನ್ನ ಬದುಕೇ ಮುಗಿದುಹೋಗುತ್ತದೇನೋ ಎಂಬ ಚಿಂತೆ ಇಟ್ಟಿಗೆ ಅಂಗಳದ ಗೇಟಿನಲ್ಲಿ ನಿಂತಿದ್ದ ಅವಳಿಗೆ ಮತ್ತೆ ಶುರುವಾಯಿತು. ಹಿಂದೊಮ್ಮೆ ಒಬ್ಬ ಹುಡುಗ ನೋಡಲು ಬಂದು ಹೋದ ಮೇಲೆ ಅವಳು ಸುಮ್ಮನಿದ್ದಳು. ಅದನ್ನು ಅಮ್ಮ ‘ಹೂಂ’ ಅಂದುಕೊಂಡಳು, ಅಪ್ಪ ‘ಊಹೂಂ’ ಅಂದುಕೊಂಡರು. ಇಬ್ಬರಿಗೂ ವಾರವಿಡೀ ಜಗಳ. ನಿಜಕ್ಕೂ ಅವಳು ಯೋಚಿಸುತ್ತಿದ್ದದ್ದು ಆ ಹುಡುಗನ ಅಂಗಿಯ ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದೇಕೆ ಎಂದು.

ಈ ಸಲದ ಸಂಬಂಧ ಅತ್ತೆ ಹುಡುಕಿದ್ದು. ಹುಡುಗ ಕಾಂಕ್ರೀಟ್ ಇಟ್ಟಿಗೆ ಮಾಡಿ ಮಾರುತ್ತಾನೆ. ಫೋಟೋ ಕಳಿಸುವುದಕ್ಕೆ ಮುಂಚೆ ಗಿರಾಕಿಯಂತೆ ಹೋಗಿ ನೋಡಿಬರೋಣ ಎಂದು ಉಪಾಯ ಹೂಡಿದವರು ಅಪ್ಪ. “ನಾನು ಟೈಲರು. ಗಂಡಸಿನ ಗುಣ ಅಂಗಡಿ ಬಾಗಿಲಲ್ಲೇ ಗೊತ್ತಾಗೋದು. ನೀನೇನೂ ಮಾತಾಡ್ಬೇಡ ಪುಟ್ಟಿ, ನೋಡು ಸಾಕು,” ಎಂದಿದ್ದರು. ಮಾತಾಡಬೇಡ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅಪ್ಪ ಎರಡನ್ನೂ ಒಂದೇ ಬಸ್ಸಿನ ಟಿಕೆಟ್ಟಿನಲ್ಲಿ ಮುಗಿಸಲು ಹೊರಟಿದ್ದರು.

ಹುಡುಗ ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡೇ ಬಂದ. “ಬನ್ನಿ ಯಜಮಾನ್ರೇ. ಏನು ಕೆಲಸ?”

“ಗೋಡೆ,” ಎಂದರು ಅಪ್ಪ.

“ಎಂಥ ಗೋಡೆ?”

ಅಪ್ಪ ಅಷ್ಟು ದೂರ ಯೋಚಿಸಿರಲಿಲ್ಲ. “ಉದ್ದದ್ದು,” ಎಂದರು. “ಮನೆ ಸುತ್ತಾ.”

ಅವರದು ಎರಡನೇ ಮಹಡಿಯ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಅಪ್ಪಣೆ ಬೇಕು. ಅವಳು ನೆಲ ನೋಡಿದಳು. ಅಪ್ಪ ಮಾತ್ರ ಜೇಬಿನಿಂದ ಹೊಲಿಗೆಯ ಟೇಪು ತೆಗೆದು, ಇಟ್ಟಿಗೆಯೊಂದರ ಉದ್ದ, ಅಗಲ, ಕೊನೆಗೆ ಕಾಲರಿಗೆ ಹಿಡಿಯುವಂತೆ ಸುತ್ತಳತೆಯನ್ನೂ ತೆಗೆದು, “ಅಂಚು ನೇರ ಇದೆ,” ಎಂದರು.

“ಅಂಚು ಇರ್ಲಿ, ಕಿವಿಗೊಟ್ಟು ಕೇಳಿ,” ಎಂದು ಹುಡುಗ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದ. ಠಣ್ ಎಂದಿತು. “ಗಟ್ಟಿ ಇದ್ರೆ ಹೀಗೆ ದನಿ ಬರುತ್ತೆ.”

ಅಪ್ಪ ಪರೀಕ್ಷೆಗೆಂದೇ ಮೂಲೆಯ ರಾಶಿಯತ್ತ ಕೈ ತೋರಿಸಿದರು. “ನನಗೆ ಅದನ್ನೇ ಕೊಡು.”

“ಅದು ಬೇಡ. ಇನ್ನೂ ಹಸಿ. ಈಗ ಕಟ್ಟಿದ್ರೆ ಆಮೇಲೆ ಒಣಗಿ ಕುಗ್ಗುತ್ತೆ, ಗೋಡೆ ಸೀಳುತ್ತೆ.”

“ದುಡ್ಡು ಕೊಡೋನು ನಾನಪ್ಪಾ.”

“ಬೈಸ್ಕೊಳ್ಳೋನು ನಾನಲ್ವಾ!”

ಅವಳಿಗೆ ನಗು ಬಂತು. ಕೆಮ್ಮಿದಂತೆ ಮಾಡಿದಳು. ಹುಡುಗ ನೀರು ಕೊಡಲು ಅವರನ್ನು ತನ್ನ ಪುಟ್ಟ ಆಫೀಸಿಗೆ ಕರೆದೊಯ್ದ. ಅಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಮೆಟ್ಟಿಲಿನ ಹಾಗೆ ಒಂದು ಬಿರುಕು. “ಇದು ನನ್ನ ಕೈಕೆಲಸ,” ಎಂದ ಅವನು, ಬಹುಮಾನದ ಕಪ್ಪು ತೋರಿಸುವವನಂತೆ. “ಒದ್ದೆ ಇಟ್ಟಿಗೆ, ನನಗೋ ಅವಸರ. ಕ್ಯಾಲೆಂಡರು ತೂಗುಹಾಕಿ ಮುಚ್ಚೋ ಅಂತ ನಮ್ಮಮ್ಮ ದಿನಾ ಹೇಳ್ತಾರೆ. ಮುಚ್ಚಿದ್ರೆ ಬಂದೋರಿಗೆ ಏನು ತೋರಿಸ್ಲಿ?”

ಅವಳು ಬಿರುಕನ್ನು ನೋಡಿದಳು, ಅವನನ್ನು ನೋಡಿದಳು. ಒಳಗೆ ಏನೋ ಸಲೀಸಾಗಿ ತೀರ್ಮಾನವಾಗಿಹೋಯಿತು. ಬಾಯಿ ಮಾತ್ರ ಎಂದಿನಂತೆ ಚಿಲಕ ಹಾಕಿಕೊಂಡೇ ಇತ್ತು.

ಹೊರಗೆ ಬಂದರೆ, ‘ಉದ್ದದ್ದು, ಮನೆ ಸುತ್ತಾ’ ಎಂದದ್ದನ್ನೇ ಆರ್ಡರು ಅಂದುಕೊಂಡು ಹುಡುಗನ ಆಳುಗಳು ಒಣಗಿದ ಇಟ್ಟಿಗೆ ಲೋಡು ಮಾಡುತ್ತಿದ್ದಾರೆ! ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ; ಅಪ್ಪನ ಸುಳ್ಳಿಗೆ ಟ್ರ್ಯಾಕ್ಟರೇ ಬಂದು ನಿಂತಿತ್ತು. ಅಪ್ಪ ಅವಳ ಕಿವಿಯ ಬಳಿ ಬಗ್ಗಿದರು. “ಕೆಟ್ಟೆ ಪುಟ್ಟಿ! ಊಟ ಮಾಡ್ಕೊಂಡು ಬರ್ತೀವಿ ಅಂತ ಹೇಳಿ ಜಾರ್ಕೊಂಡ್ಬಿಡೋಣ. ಈ ಸಂಬಂಧ ಬೇಡ ಅಂತ ನಿಮ್ಮತ್ತೆಗೆ ಹೇಳಿದ್ರಾಯ್ತು. ಇದೇ ಮುಖ ಹೊತ್ಕೊಂಡು ನಾಳೆ ಇವನ ಮನೆಗೆ ಹೋಗೋಕಾಗುತ್ತಾ?”

ಅವಳು ಆಫೀಸಿನ ಬಾಗಿಲತ್ತ ತಿರುಗಿ ನೋಡಿದಳು. ಹುಡುಗನಿಗೆ ಇದಾವುದರ ಪರಿವೆಯೂ ಇಲ್ಲ. ಯಜಮಾನರು ಆಕಾಶ ನೋಡುತ್ತಿದ್ದುದರಿಂದ ಅವಳಿಗೇ ಪಾಠ ಶುರು ಮಾಡಿದ. “ನೆಲದ ಮೇಲೆ ಇಳಿಸ್ಕೋಬೇಡಿ. ಕೆಳಗೆ ಹಲಗೆ, ಮೇಲೆ ತಾರ್ಪಾಲು. ಮಣ್ಣಿನ ಇಟ್ಟಿಗೆ ಥರ ಇದನ್ನ ನೀರಲ್ಲಿ ನೆನೆಸೋ ಹಾಗಿಲ್ಲ. ಮೇಸ್ತ್ರಿ ಬಕೆಟ್ ತಗೊಂಡ್ರೆ ಕೈ ಹಿಡ್ಕೊಳ್ಳಿ. ಕಟ್ಟೋವಾಗ ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಇಟ್ಟಿಗೆಯ ನಡು ಬರ್ಬೇಕು, ಸಂದಿನ ಮೇಲೆ ಸಂದು ಬಂದ್ರೆ ಕೆಡವಿಸಿ, ದಾಕ್ಷಿಣ್ಯ ಬೇಡ. ನೀವು ನಿಂತು ನೋಡ್ಕೋತೀರಲ್ವಾ?” ಅವಳು ತಲೆಯಾಡಿಸಿದಳು. ಇಲ್ಲದ ಗೋಡೆಯ ಮೇಲ್ವಿಚಾರಣೆ ಒಪ್ಪಿಕೊಂಡದ್ದೂ ಆಯಿತು.

“ನಾವು ಊಟ ಮಾಡ್ಕೊಂಡು...” ಎಂದು ಅಪ್ಪ ಮೆಲ್ಲಗೆ ಗೇಟಿನತ್ತ ಹೆಜ್ಜೆ ಸರಿಸಿದರು.

“ಆಗ್ಲಿ ಯಜಮಾನ್ರೇ, ಅಷ್ಟರಲ್ಲಿ ಇಟ್ಟಿಗೆ ಮನೆ ಸೇರಿರುತ್ತೆ. ಎಲ್ಲಿ ಇಳಿಸ್ಬೇಕು ಹೇಳ್ಬಿಡಿ.”

ವಿಳಾಸ ಹೇಳುವ ಬದಲು ಅಪ್ಪ ಮತ್ತೆ ಹೆಜ್ಜೆ ಸರಿಸಿದರು. ಇನ್ನೊಂದು ಹೆಜ್ಜೆ ಸರಿದರೆ ಗೇಟು. ಟ್ರ್ಯಾಕ್ಟರು ಗುಡುಗುಡು ಎನ್ನುತ್ತಿತ್ತು. ಅದರ ಸದ್ದನ್ನು ಮೀರಿಸಬೇಕೆಂದು ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ದನಿ ಎತ್ತಿದಳು. ಅದೇ ಹೊತ್ತಿಗೆ ಡ್ರೈವರು ಎಂಜಿನ್ ಆರಿಸಿಬಿಟ್ಟ. ಇಡೀ ಅಂಗಳಕ್ಕೆ ಕೇಳಿಸಿತು:

“ಗೋಡೆ ಇಲ್ಲ ರೀ! ನಾವು ಗಂಡು ನೋಡೋಕೆ ಬಂದಿದ್ದು. ನನಗೆ ಒಪ್ಪಿಗೆ!”