ಒಂದು ಗೇಣು ಹೆಚ್ಚು

ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಶೇಖರ ಜೀಪನ್ನು ಎಡಕ್ಕೆ ಒತ್ತಿದ. ಬಸ್ಸು ದಾಟಿತು. ಅಷ್ಟರಲ್ಲಿ ಹಿಂದಿನಿಂದ, ಜೀಪಿಗೆ ಕಟ್ಟಿ ಎಳೆದು ತರುತ್ತಿದ್ದ ಕ್ಯಾರವಾನಿನ ಕಡೆಯಿಂದ, ಧಡ್ ಎಂಬ ಸದ್ದೊಂದು ಬಂತು.

"ಎಂತ ಅದು?" ಪಕ್ಕದಲ್ಲಿ ಕೂತಿದ್ದ ಹೆಂಡತಿ ವಿನೋದಿನಿ ಕೇಳಿದಳು.

"ಗುಂಡಿ ಇರ್ಬೇಕು ಮಾರಾಯ್ತಿ. ಈ ರೋಡಲ್ಲಿ ಬರೀ ಗುಂಡಿಯೇ."

"ಗುಂಡಿ ಅಲ್ಲ. ಯಾರೋ ಕೂಗಿದ್ರು. ನಿಲ್ಸಿ."

ಕೂಗು ಅವನಿಗೂ ಕೇಳಿಸಿತ್ತು. ಮುಂದೆ ರಸ್ತೆ ಖಾಲಿಯಾಗಿತ್ತು. ಒಂದು ಕ್ಷಣ ಅವನ ಕಾಲು ಯಾವುದನ್ನು ತುಳಿಯಬೇಕೆಂದು ತಿಳಿಯದೆ ತಡವರಿಸಿತು. ಆಮೇಲೆ ಬ್ರೇಕ್ ಹಾಕಿ, ಇಳಿದು ಹಿಂದಕ್ಕೆ ಓಡಿದ. ಕಾಂಪೌಂಡ್ ಗೋಡೆಗೂ ಡಾಂಬರಿಗೂ ನಡುವಿನ ಮಣ್ಣಿನಲ್ಲಿ ಹೆಂಗಸೊಬ್ಬಳು ಮಡಚಿಕೊಂಡು ಬಿದ್ದಿದ್ದಳು. ಬುಟ್ಟಿ ಮಗುಚಿ ಮೀನುಗಳೆಲ್ಲ ಚೆಲ್ಲಿದ್ದವು. ಜೀಪು ಆಕೆಯನ್ನು ಮುಟ್ಟದೆಯೇ ದಾಟಿತ್ತು. ಇನ್ನೇನು ಭಯವಿಲ್ಲ ಎಂದು ಆಕೆ ಗೋಡೆಯಿಂದ ಹೆಜ್ಜೆ ಕಿತ್ತಿರಬೇಕು. ಜೀಪಿಗಿಂತ ಅಗಲವಾದದ್ದೊಂದು ಅದರ ಬೆನ್ನಿಗೇ ಬರುತ್ತದೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ಆ ಕ್ಯಾರವಾನನ್ನು ಶೇಖರ ವಿನೋದಿನಿಗಾಗಿಯೇ ಮಾಡಿಸಿದ್ದ. ಮುಂಬೈಯ ಮಲಾಡಿನಲ್ಲಿ ಅವನದೊಂದು ಸಣ್ಣ ಹೋಟೆಲು. ವಿನೋದಿನಿಯ ಬೆನ್ನುಮೂಳೆಯ ಆಪರೇಷನ್ ಕೆಟ್ಟು ಸೊಂಟದ ಕೆಳಗೆ ಬಲವಿಲ್ಲದಂತಾದ ಮೇಲೆ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಹಡಿಯೇ ಅವಳ ಲೋಕವಾಗಿತ್ತು. ಮಲಗಲು, ಸ್ನಾನಕ್ಕೆ ಅನುಕೂಲವಿರುವ ಗಾಡಿಯೊಂದಿದ್ದರೆ ಅವಳನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದೆಂದು ಬೈಕುಲ್ಲಾದ ಗ್ಯಾರೇಜಿನಲ್ಲಿ ಅದನ್ನು ಕಟ್ಟಿಸಿದ. ರಿಜಿಸ್ಟ್ರೇಷನ್ನಿಗೆ ಹಾಕುವ ಮೊದಲು, ಆರ್‌ಟಿಓದಲ್ಲಿದ್ದು ನಿವೃತ್ತರಾದ ಪರಿಚಯದ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆದು ತೋರಿಸಿದ್ದ. ಅವರು ಟೇಪು ಹಿಡಿದು ತಲೆ ಅಲ್ಲಾಡಿಸಿದ್ದರು. "ಕಾನೂನಿಗಿಂತ ಒಂದು ಗೇಣು ಅಗಲ ಜಾಸ್ತಿ ಇದೆ. ಕೊಯ್ಸಿ ಸಣ್ಣದು ಮಾಡಿ. ಹೀಗೇ ರಸ್ತೆಗೆ ಇಳಿಸ್ಬೇಡಿ." ಕೊಯ್ಯಿಸಿದರೆ ಒಳಗೆ ಗಾಲಿಕುರ್ಚಿ ತಿರುಗುತ್ತಿರಲಿಲ್ಲ. ಆ ಗೇಣು ಜಾಗಕ್ಕಾಗಿಯೇ ಅಲ್ಲವೇ ಅಷ್ಟು ಅಗಲ ಮಾಡಿಸಿದ್ದು? ಭಾನುವಾರ ಬೆಳಿಗ್ಗೆ ಮಾರ್ವೆ ಕಡೆ ಯಾರು ಹಿಡಿಯುತ್ತಾರೆ, ಸಮುದ್ರದ ತನಕ ಹೋಗಿ ಬರುವ ಎಂದು ಅವನೇ ಹೊರಡಿಸಿದ್ದ. "ಪಾಸ್ ಆಗ್ಲಿಲ್ಲ ಅಲ್ವಾ ಅದು?" ಎಂದು ಕೇಳಿದ್ದ ವಿನೋದಿನಿಯೂ ಒಳ್ಳೆಯ ಸೀರೆ ಉಟ್ಟು ಹೊರಟಿದ್ದಳು.

ಅಲ್ಲಿ ಸಿಕ್ಕ ರಿಕ್ಷಾದಲ್ಲಿ ಹಾಕಿಕೊಂಡು ಹೊರಟರೂ, ಬಿದ್ದಿದ್ದ ಹೆಂಗಸು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಹೆಸರು ಮಾಧುರಿ ಎಂದು ಅವಳ ಮಗಳು ಬಂದು ಹೇಳಿದ ಮೇಲೆ ತಿಳಿಯಿತು.

ಠಾಣೆಗೆ ಶೇಖರನ ತಮ್ಮ ಸುಹಾಸ ಓಡಿಬಂದ. ಅಣ್ಣನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಅಣ್ಣಾ, ಅಗಲದ್ದು ಗೊತ್ತೇ ಇರ್ಲಿಲ್ಲ ಅನ್ನಿ. ಗ್ಯಾರೇಜಿನವ ಹೇಳ್ಲಿಲ್ಲ ಅನ್ನಿ. ನೀವು ಒಳಗೆ ಹೋದ್ರೆ ಅತ್ತಿಗೆಯನ್ನು ಎತ್ತಿ ಕೂರಿಸ್ಲಿಕ್ಕೆ ಯಾರಿದ್ದಾರೆ?"

ಶೇಖರ ಹೆಂಡತಿಯ ಕಡೆ ನೋಡಿದ. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅವಳ ಸೀರೆಯ ನೆರಿಗೆಯ ಮೇಲೆ ರಕ್ತ ಒಣಗಿತ್ತು. ರಿಕ್ಷಾದಲ್ಲಿ ಮಾಧುರಿಯ ತಲೆ ಇದ್ದದ್ದು ಅವಳ ತೊಡೆಯ ಮೇಲೆ. ಅವಳೇ ಹಟ ಮಾಡಿ, ಶೇಖರನಿಂದ ತನ್ನನ್ನು ಎತ್ತಿಸಿಕೊಂಡು ಆ ರಿಕ್ಷಾದಲ್ಲಿ ಕೂತಿದ್ದಳು.

"ಗಾಡಿ ಲಿಮಿಟ್‌ ಸೇ ಬಡೀ ಹೈ, ಮಾಲೂಮ್ ಥಾ ಕ್ಯಾ?" ಗಾಡಿ ಅಳತೆ ಮೀರಿದ್ದು ಗೊತ್ತಿತ್ತೇ ಎಂದು ಕೇಳಿ ಠಾಣೆಯ ಸಾಹೇಬರು ಪೆನ್ನು ಎತ್ತಿಕೊಂಡರು.

"ನಹೀ ಸಾಬ್," ಎಂದ ಶೇಖರ. ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು.

"ಮಾಲೂಮ್ ಥಾ," ಎಂದಳು ವಿನೋದಿನಿ. "ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು." ಅರ್ಧ ಹಿಂದಿ, ಅರ್ಧ ಕನ್ನಡ. ಆದರೂ ಸಾಹೇಬರಿಗೆ ಅರ್ಥವಾಯಿತು.

ಸುಹಾಸ ಹಣೆ ಒತ್ತಿಕೊಂಡ. ಶೇಖರನಿಗೆ ಮೊದಲು ಸಿಟ್ಟು ನೆತ್ತಿಗೇರಿತು. ಇನ್ನು ಮುಂದೆ ಇವಳ ಗತಿಯೇನು ಎಂಬುದು ಇವಳಿಗೇ ತಿಳಿಯುವುದಿಲ್ಲವೇ? ಆಮೇಲೆ, ಅವಳು ಅದನ್ನು ಯೋಚಿಸಿಯೇ ಹೇಳಿದ್ದಾಳೆಂದು ಹೊಳೆದು ಸಿಟ್ಟು ಇಳಿದುಹೋಯಿತು. ಅದರ ಜಾಗದಲ್ಲಿ ಏನೂ ಬರಲಿಲ್ಲ.

ಕಾಗದಪತ್ರದ ಕೆಲಸ ಮುಗಿಯಿತು. ಅವನನ್ನು ಒಳಗೆ ಕರೆದೊಯ್ಯುವ ಮೊದಲು, ಹೆಂಡತಿಯನ್ನು ಮನೆಗೆ ಹೋಗುವ ರಿಕ್ಷಾದಲ್ಲಿ ಕೂರಿಸಲು ಸಾಹೇಬರು ಬಿಟ್ಟರು. ಕಾನ್‌ಸ್ಟೇಬಲ್ ಒಬ್ಬ ಜೊತೆಗೆ ಬಂದ. ಗೇಟಿನ ಬಳಿ ಮಾಧುರಿಯ ಗಂಡ, ಮಗಳು ನಿಂತಿದ್ದರು. ಆ ಗಂಡಸಿನ ಕೈಗಳು ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು.

ಶೇಖರ ದಿನವೂ ಮಾಡುವಂತೆ ಬಗ್ಗಿ, ವಿನೋದಿನಿಯ ಮೊಣಕಾಲುಗಳ ಕೆಳಗೆ ಒಂದು ತೋಳು ತೂರಿಸಿದ. ಅವಳು ಅವನ ಎದೆಗೆ ಕೈಯಿಟ್ಟು ತಡೆದಳು.

"ಈಗ ಬೇಡ," ಎಂದಳು ಮೆಲ್ಲಗೆ. "ಅವರು ನೋಡ್ತಾ ಇದ್ದಾರೆ."